ಸ್ಟುಟ್‌ಗಾರ್ಟಿನ ಕ್ಷಮಾಯಾಚನೆ

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ 2010ನೆಯ ಇಸವಿ ಜುಲೈ 22ರಂದು ನಡೆದ ಸಂಗತಿಯೊಂದು ನಮ್ಮ ನಾಡಿನಲ್ಲಿ ಅದಕ್ಕೆ ಸಲ್ಲಬೇಕಾದಷ್ಟು ವಿಚಾರಕ್ಕೆ ಪಾತ್ರವಾಗಲಿಲ್ಲವೆಂದು ನಮಗೆ ತೋರುತ್ತದೆ. ಲೂಥರನ್ ಕ್ರೈಸ್ತರ ಜಾಗತಿಕ ಒಕ್ಕೂಟದ ಮಹಾಸಭೆಯು ಅಂದು ಅಲ್ಲಿ ಸೇರಿದ್ದಿತು. ಹದಿನಾರನೆಯ ಶತಮಾನದಲ್ಲಿ ತಮ್ಮ ಪೂರ್ವಿಕರು ಮೆನ್ನೊನೈಟ್ ಪಂಥದವರ ಪೂರ್ವಿಕರನ್ನು ಹಿಂಸಿಸಿದುದಕ್ಕಾಗಿಯೂ, ಆ ಹಿಂಸೆಗೆ ಶಾಸ್ತ್ರಾಧಾರವನ್ನು ಒದಗಿಸಿಕೊಟ್ಟುದಕ್ಕಾಗಿಯೂ ದೇವರಲ್ಲಿ ಮತ್ತು ಆ ಪಂಥದವರಲ್ಲಿ ಕ್ಷಮೆ ಬೇಡುವ ನಿರ್ಣಯವು ಸಭೆಯ ಮುಂದಿದ್ದಿತು. ಕೈಯೆತ್ತಿ ಮತ ಕೊಡುವ ವಾಡಿಕೆಯನ್ನು ಬಿಟ್ಟು, ಪ್ರತಿನಿಧಿಗಳಲ್ಲಿ ಕೆಲವರು ಮೊಣಕಾಲೂರಿ, ಕೆಲವರು ಎದ್ದುನಿಂತು, ಮೌನದಿಂದಲೇ ಅದನ್ನು ಅಂಗೀಕರಿಸಿದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಮಹಾಶಯರು ಸ್ಟುಟ್‌ಗಾರ್ಟ್ ರಾಜಧಾನಿಯಾಗಿದ್ದ ವುರ್ಟೆಂಬರ್ಗ್ ನಾಡಿನವರೇ. ಪತ್ರಿಕಾವೃತ್ತಿಯ ನಾವು ಆ ಊರಿನ ಸುದ್ದಿಗೆ ಕಿವಿಗೊಡುವುದು ಅನುಚಿತವಾಗಲಾರದು.

ಹಿಂಸೆಗೆ ಗುರಿಯಾದವರು ಯಾರು? ದೀಕ್ಷಾಸ್ನಾನವೆಂಬುದು ಏನೂ ಅರಿಯದ ಹಸುಗೂಸಿಗೆ ಕೊಡತಕ್ಕುದಲ್ಲ, ತಿಳಿದು ಒಪ್ಪಿದವನಿಗೆ ಕೊಡತಕ್ಕುದು ಎಂದವರು. 1525ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಅವರಲ್ಲಿ ಕೆಲವರು ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷೆ ಕೊಟ್ಟುಕೊಂಡರು. ಆದಕಾರಣ ಎರಡನೆಯ ಬಾರಿ ಮುಳುಗುವವರೆಂಬ ಅರ್ಥದಲ್ಲಿ ಅವರಿಗೆ ಅನಬ್ಯಾಪ್ಟಿಸ್ಟರೆಂದು ಹೆಸರಾಯಿತು. ಎರಡೇ ವರ್ಷಗಳೊಳಗೆ, 1527ರ ಜನವರಿ 5ರಂದು, ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸನನ್ನು ಅದೇ ನಗರದ ಆಡಳಿತದವರು ಕೈಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. 1529ರಲ್ಲಿ ಸ್ಪೈಯರ್ ನಗರದಲ್ಲಿ ಕೂಡಿದ ಸಾಮ್ರಾಜ್ಯದ ಸಭೆಯು ಮರುದೀಕ್ಷೆಗೆ ಮರಣದಂಡನೆಯನ್ನು ವಿಧಿಸಿತು. ಮಿಕ್ಕ ಯಾವ ವಿಷಯದಲ್ಲಿಯೂ ಒಮ್ಮತಕ್ಕೆ ಬಾರದಿದ್ದ ರೋಮನ್ ಮತದ ಅರಸರೂ ಲೂಥರನ ಪಕ್ಷದ ಅರಸರೂ ಇದೊಂದರಲ್ಲಿ ಒಂದಾದರು. ಆ ಶತಮಾನದಲ್ಲಿ ಹೀಗೆ ಸತ್ತವರು ಎರಡು ಸಾವಿರಕ್ಕೆ ಕಡಮೆಯಿಲ್ಲವೆಂದು ಚರಿತ್ರಕಾರರ ಎಣಿಕೆ. ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿರುವುದರಿಂದ ಇದೊಂದು ಮಾತನ್ನು ಸೇರಿಸುತ್ತೇವೆ: ತೀರ್ಪಿಗೆ ಆಧಾರ ಬರೆದುಕೊಟ್ಟವನು ಪಂಡಿತನಾದರೂ ಕೊಂದ ಕೈ ಸರ್ಕಾರದ ನೌಕರನದು.

ಇವೆಲ್ಲವುಗಳಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕಿದುದು ಫ್ರಿಟ್ಸ್ ಎರ್ಬೆ ಎಂಬ ರೈತನ ಕಥೆ. ತನ್ನ ಮಗುವಿಗೆ ದೀಕ್ಷೆ ಕೊಡಿಸಲು ಒಪ್ಪದ ಅಪರಾಧಕ್ಕಾಗಿ ಇವನನ್ನು 1533ರಲ್ಲಿ ಸೆರೆಯಲ್ಲಿಟ್ಟರು. ಅವನಿದ್ದ ಸೀಮೆಯು ಸ್ಯಾಕ್ಸನಿ ಮತ್ತು ಹೆಸ್ಸೆಯ ಅರಸರ ಜಂಟಿ ಆಡಳಿತಕ್ಕೆ ಒಳಪಟ್ಟಿದ್ದಿತು. ಇಬ್ಬರೂ ಲೂಥರನ ಪಕ್ಷದವರೇ. ಸ್ಯಾಕ್ಸನಿಯವನು ತಲೆ ತೆಗೆಯಬೇಕೆಂದನು. ಹೆಸ್ಸೆಯ ಫಿಲಿಪ್ಪನು ನಂಬಿಕೆಗಾಗಿ ಕೊಲ್ಲಲು ಒಪ್ಪಲಿಲ್ಲ. ಈ ವ್ಯಾಜ್ಯ ಹರಿಯದೆ ರೈತನು ಸೆರೆಯಲ್ಲಿಯೇ ಉಳಿದನು. 1540ರಲ್ಲಿ ಅವನನ್ನು ವಾರ್ಟ್‌ಬರ್ಗ್ ಕೋಟೆಯ ದಕ್ಷಿಣ ಬುರುಜಿನ ನೆಲಮಾಳಿಗೆಗೆ ಇಳಿಸಿದರು. ಮೇಲ್ಗಡೆಯ ರಂಧ್ರವೊಂದನ್ನು ಬಿಟ್ಟರೆ ಅದಕ್ಕೆ ಬೇರೆ ಬಾಗಿಲಿರಲಿಲ್ಲ. 1548ರಲ್ಲಿ ಅಲ್ಲಿಯೇ ಸತ್ತನು. ಗೋಡೆಯ ಮೇಲೆ ಅವನು ಗೀಚಿದ ಹೆಸರು ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದಿತು. ವಾರ್ಟ್‌ಬರ್ಗ್ ಎಂದರೆ ಯಾವುದು? ಚಕ್ರವರ್ತಿಯ ಬಹಿಷ್ಕಾರಕ್ಕೆ ಸಿಕ್ಕಿದ ಲೂಥರನು 1521ರಲ್ಲಿ ಪ್ರಾಣವುಳಿಸಿಕೊಳ್ಳಲು ಅಡಗಿದ್ದು, ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ಕೋಟೆ ಅದೇ. ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯಲಾರೆನೆಂದವನಿಗೆ ಆಶ್ರಯ ಕೊಟ್ಟ ಗೋಡೆಗಳೇ ಇಪ್ಪತ್ತು ವರ್ಷಗಳೊಳಗೆ ಅದೇ ಮಾತನ್ನಾಡಿದ ರೈತನಿಗೆ ಗೋರಿಯಾದುವು. ಅನಬ್ಯಾಪ್ಟಿಸ್ಟರನ್ನು ಕೊಲ್ಲಬಹುದೆಂದು ಮೆಲಾಂಖ್ಟನ್ ಪಂಡಿತನು 1531ರಲ್ಲಿ ಬರೆದ ಅಭಿಪ್ರಾಯಕ್ಕೆ ಲೂಥರನೂ ತನ್ನ ಸಮ್ಮತಿಯನ್ನು ಸೇರಿಸಿದ್ದನು.

ಅಂದಿನವರು ಮಾಡಿದುದಕ್ಕೆ ಇಂದಿನವರು ಕ್ಷಮೆ ಕೇಳುವುದೆಂತು, ಕೊಡುವುದೆಂತು ಎಂಬ ಆಕ್ಷೇಪವು ಸಹಜವಾದುದೇ. ಇದು ಅಗ್ಗದ ಪುಣ್ಯವೆನ್ನುವವರೂ ಉಂಟು. ನಮ್ಮ ವಕೀಲ ಮಿತ್ರರು ಮಿತಾಕ್ಷರವನ್ನೇ ಎತ್ತಿ ತೋರಿಸಬಹುದು. ತಂದೆಯ ಸಾಲವನ್ನು ಮಗನು ತೀರಿಸತಕ್ಕುದೆಂದು ವಿಜ್ಞಾನೇಶ್ವರನ ಮತವಾದರೂ, ಜೂಜಿನ ಸಾಲ, ಹೆಂಡದ ಸಾಲ, ಕಟ್ಟದೆ ಉಳಿದ ದಂಡ, ಇವು ಮಗನಿಗೆ ತಗಲುವುದಿಲ್ಲ. (ಪುತ್ರನ ಆ ಧರ್ಮಬಾಧ್ಯತೆಯನ್ನೇ 2005ರ ತಿದ್ದುಪಡಿಯು ಹೊಸ ಸಾಲಗಳ ಮಟ್ಟಿಗೆ ತೆಗೆದುಹಾಕಿದೆಯೆಂಬುದು ಬೇರೆ ಮಾತು.) ತಾತಂದಿರ ಪಾಪವೂ ಇಂತಹ ದಂಡವೇ ಅಲ್ಲವೆ?

ವಾದವು ಚೆನ್ನಾಗಿದೆ, ಆದರೆ ಈ ಪ್ರಕರಣಕ್ಕೆ ಹೊಂದುವುದಿಲ್ಲ. ಲೂಥರನ್ನರ ಮೂಲ ಮತಪತ್ರವಾದ 1530ರ ಆಗ್ಸ್‌ಬರ್ಗ್ ಪ್ರತಿಜ್ಞೆಯಲ್ಲಿ ಅನಬ್ಯಾಪ್ಟಿಸ್ಟರನ್ನು ಹೆಸರಿಟ್ಟು ಖಂಡಿಸುವ ವಾಕ್ಯಗಳಿವೆ. ಹೊಸದಾಗಿ ಪಟ್ಟಕ್ಕೆ ಬರುವ ಪಾದ್ರಿಯು ಆ ಪತ್ರಕ್ಕೆ ಬದ್ಧನಾಗಿರುವುದಾಗಿ ವಚನ ಕೊಡುತ್ತಾನೆ. ಸಾಲವನ್ನು ಒಪ್ಪಿ ಮತ್ತೆ ರುಜು ಹಾಕಿದವನಿಗೆ ವಾಯಿದೆ ಹೊಸದಾಗಿ ಆರಂಭವಾಗುವುದೆಂಬುದನ್ನು ಅದೇ ವಕೀಲ ಮಿತ್ರರು ಬಲ್ಲರು. ಇಲ್ಲಿ ತಲೆತಲಾಂತರಕ್ಕೂ ರುಜು ಬಿದ್ದಿದೆ. 1980ರಲ್ಲಿ ಆ ಪತ್ರದ 450ನೆಯ ವರ್ಷದ ಉತ್ಸವಕ್ಕೆ ಲೂಥರನ್ನರು ಒಳ್ಳೆಯ ಮನಸ್ಸಿನಿಂದಲೇ ಮೆನ್ನೊನೈಟರನ್ನು ಕರೆದರು. ನಮ್ಮನ್ನು ಖಂಡಿಸಿದ ಪತ್ರದ ಉತ್ಸವದಲ್ಲಿ ನಾವು ಹೇಗೆ ಸಂತೋಷಪಡೋಣವೆಂದು ಅವರು ಕೇಳಿದರು. ಕರೆದವರಿಗೆ ಆಗ ನಾಚಿಕೆಯಾಯಿತು. ಫ್ರಾನ್ಸ್, ಜರ್ಮನಿ, ಅಮೆರಿಕಗಳಲ್ಲಿ ಎರಡು ಪಕ್ಷದ ವಿದ್ವಾಂಸರು ಮೂವತ್ತು ವರ್ಷ ಕುಳಿತು ಮಾತನಾಡಿದ ತರುವಾಯವೇ ಸ್ಟುಟ್‌ಗಾರ್ಟಿನ ದಿನ ಬಂದಿತು. ಅದಕ್ಕೆ ಮುಂಚೆ ಇಬ್ಬರೂ ಕೂಡಿ ಆ ಕಾಲದ ಚರಿತ್ರೆಯನ್ನು ಒಂದೇ ಪುಸ್ತಕವಾಗಿ ಬರೆದಿದ್ದರು. ಕ್ಷಮಾಯಾಚನೆಗಿಂತಲೂ ಈ ಪುಸ್ತಕವೇ ಹಿರಿಯ ಕೆಲಸವೆಂದು ನಾವು ಅಭಿಪ್ರಾಯಪಡುತ್ತೇವೆ. ಹಳೆಯ ಪತ್ರವನ್ನು ಈ ಚರಿತ್ರೆಯ ಬೆಳಕಿನಲ್ಲಿಯೇ ಓದುವುದಾಗಿಯೂ, ಪಾದ್ರಿಗಳ ಪಾಠಶಾಲೆಗಳಲ್ಲಿ ಹಾಗೆಯೇ ಕಲಿಸುವುದಾಗಿಯೂ ಲೂಥರನ್ನರು ಮಾತು ಕೊಟ್ಟರು. ದೀಕ್ಷೆಯ ವಿಷಯದ ಭೇದವೇನೋ ಇದ್ದಂತೆಯೇ ಇದೆ, ಅದನ್ನು ಮುಚ್ಚಿಡಲಿಲ್ಲ.

ಮೆನ್ನೊನೈಟರ ನಡತೆಯೂ ಶ್ಲಾಘ್ಯವಾದುದು. ಅವರ ಪಂಥದ ಮೂಲದವರೆಲ್ಲರೂ ಸಾಧುಗಳಾಗಿರಲಿಲ್ಲ. 1534ರಲ್ಲಿ ಮ್ಯೂನ್‌ಸ್ಟರ್ ನಗರವನ್ನು ಹಿಡಿದ ಅನಬ್ಯಾಪ್ಟಿಸ್ಟರು ಕತ್ತಿಯಿಂದಲೇ ಆಳಿದರು. ಸೋತ ನಾಯಕರ ಶವಗಳನ್ನಿಟ್ಟ ಕಬ್ಬಿಣದ ಪಂಜರಗಳು ಅಲ್ಲಿಯ ಚರ್ಚಿನ ಗೋಪುರದಲ್ಲಿ ತೂಗಾಡುತ್ತಿವೆ. ಸ್ಟುಟ್‌ಗಾರ್ಟಿನಲ್ಲಿ ಅವರ ಪರವಾಗಿ ನಿಂತ ಜಿಂಬಾಬ್ವೆಯ ಡಾನಿಸಾ ಎನ್‌ಡ್ಲೋವು ಅವರು ತಾವೂ ನಿರ್ದೋಷಿಗಳಂತೆ ತಲೆಯೆತ್ತಿ ಬರಲಾರೆವೆಂಬ ಭಾವದಿಂದಲೇ ಮಾತನಾಡಿದರು. ಕಾಲು ತೊಳೆಯುವ ಮರದ ಬಾನಿಯೊಂದನ್ನು ಲೂಥರನ್ನರಿಗೆ ಕೊಟ್ಟರು. ಒಬ್ಬರ ಕಾಲನ್ನು ಒಬ್ಬರು ತೊಳೆಯುವುದು ಅವರ ಸಭೆಗಳ ಹಳೆಯ ಪದ್ಧತಿ.

ಜ್ಯೂರಿಕ್ ನಗರದ ಚರ್ಚಿನವರು ಇದಕ್ಕೂ ಮುಂಚೆ, 2004ರಲ್ಲಿ, ಮಾಂಟ್ಸನನ್ನು ಮುಳುಗಿಸಿದ ನದಿಯ ದಡದಲ್ಲಿ ಅವನ ಹೆಸರು ಕೆತ್ತಿದ ಕಲ್ಲನ್ನು ನಿಲ್ಲಿಸಿ ತಪ್ಪೊಪ್ಪಿಕೊಂಡಿದ್ದರು. ರೋಮಿನಲ್ಲಿ 2000ನೆಯ ಇಸವಿ ಮಾರ್ಚ್ 12ರಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು, ಸತ್ಯದ ಸೇವೆಯ ಹೆಸರಿನಲ್ಲಿ ಕ್ರೈಸ್ತರು ಮಾಡಿದ ಹಿಂಸೆಗಾಗಿ ದೇವರ ಕ್ಷಮೆಯನ್ನು ಬೇಡಿದರು. ಅಷ್ಟು ದೊಡ್ಡ ಪೀಠದಿಂದ ಬಂದ ಆ ಮಾತು ಸಣ್ಣದಲ್ಲ. ಆದರೆ ಆ ಪ್ರಾರ್ಥನೆಯಲ್ಲಿ ಗೋವೆಯ ಹೆಸರಿರಲಿಲ್ಲ.

ಗೋವೆಯ ಮಾತು ನಮ್ಮದೂ ಆಗಿದೆ. ಅಲ್ಲಿ 1560ರಲ್ಲಿ ಸ್ಥಾಪಿತವಾದ ಇನ್ಕ್ವಿಸಿಷನ್ ಎಂಬ ಮತವಿಚಾರಣೆಯ ನ್ಯಾಯಸ್ಥಾನವು, ನಡುವೆ ಕೆಲವು ವರ್ಷ ನಿಂತು, 1812ರವರೆಗೆ ನಡೆಯಿತು. ಪೋರ್ತುಗೀಸರ ಕಾಟಕ್ಕೆ ಬೇಸತ್ತು ದಕ್ಷಿಣಕ್ಕೆ ಬಂದ ಸಾರಸ್ವತರು ಕನ್ನಡ ಕರಾವಳಿಯಲ್ಲಿ ನೆಲಸಿದರು. ಅವರ ಮಂಗೇಶನೂ ಶಾಂತಾದುರ್ಗೆಯೂ ಮೂಲಸ್ಥಾನವನ್ನು ಬಿಟ್ಟು ಫೋಂಡಾ ಸೀಮೆಗೆ ಸ್ಥಳಾಂತರವಾದರು. ಮಂಗಳೂರಿನ ಕೊಂಕಣಿ ಕ್ರೈಸ್ತರ ಪೂರ್ವಿಕರಲ್ಲಿಯೂ ಅದೇ ನ್ಯಾಯಸ್ಥಾನಕ್ಕೆ ಹೆದರಿ ಬಂದವರಿದ್ದರೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. ಆದುದರಿಂದ ಇದನ್ನು ಇಂದಿನ ಕ್ರೈಸ್ತ ನೆರೆಯವನ ಮೇಲೆ ಎಸೆಯುವ ಕಲ್ಲಾಗಿ ಬಳಸುವವರು ಚರಿತ್ರೆಯನ್ನು ಅರಿಯದವರು. ಗೋವೆಯ ಕಡತಗಳು ಬಹುಪಾಲು ನಾಶವಾಗಿವೆ. ಅಳಿದುಳಿದ ಕಾಗದಗಳಲ್ಲಿ ಅನೇಕವು ಲಿಸ್ಬನ್ನಿನಲ್ಲಿವೆ. ಗೋವೆಯ ಚರ್ಚಿನ ವಿದ್ವಾಂಸರು, ಮಂಗಳೂರಿನ ಕ್ರೈಸ್ತ ಪಂಡಿತರು, ಸಾರಸ್ವತ ಮಠಗಳ ವಿದ್ವಾಂಸರು ಆ ಕಾಗದಗಳನ್ನು ಮುಂದಿಟ್ಟುಕೊಂಡು, ಸ್ಟುಟ್‌ಗಾರ್ಟಿಗೆ ಮುಂಚೆ ಆದಂತೆ, ಒಂದೇ ಚರಿತ್ರೆಯನ್ನು ಕೂಡಿ ಬರೆಯಬೇಕೆಂದು ನಾವು ಸೂಚಿಸುತ್ತೇವೆ. ಈ ಕಾರ್ಯಕ್ಕೆ ಯಾರೂ ಮೊದಲು ಮೊಣಕಾಲೂರಬೇಕಾಗಿಲ್ಲ. ಒಂದು ಮೇಜು, ನಾಲ್ಕು ಕುರ್ಚಿ, ಪೋರ್ತುಗೀಸ್ ಬಲ್ಲ ಇಬ್ಬರು ಇದ್ದರೆ ಆರಂಭಿಸಬಹುದು.