ನೋಟೀಸು ಬಂದ ಮಾತ್ರಕ್ಕೆ ಮನೆ ಬಿಡಬೇಕೇ?

ಪುಂಜಾಲಕಟ್ಟೆಯಂತಹ ಒಂದು ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿ ವಾಸಿಸುವ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಿ. ಗಂಡ ದಿನಗೂಲಿಗೆ ಹೋಗುತ್ತಾನೆ. ಹೆಂಡತಿ ಬೀಡಿ ಕಟ್ಟುತ್ತಾಳೆ. ಮಕ್ಕಳಿಬ್ಬರು ಹತ್ತಿರದ ಶಾಲೆಯಲ್ಲಿ ಓದುತ್ತಿದ್ದಾರೆ. ಏಳು ವರ್ಷಗಳ ಹಿಂದೆ ಹನ್ನೊಂದು ತಿಂಗಳಿಗೆಂದು ಒಂದು ಕರಾರು ಪತ್ರವಾಗಿತ್ತು. ಬಳಿಕ ಅದನ್ನು ಯಾರೂ ನವೀಕರಿಸಲಿಲ್ಲ. ಆದರೆ ಬಾಡಿಗೆ ಮಾತ್ರ ತಿಂಗಳು ತಿಂಗಳೂ ತಪ್ಪದೆ ಸಂದಾಯವಾಗಿದೆ. ಮನೆಯ ಮಾಲಕರು ಗಲ್ಫ್‌ನಲ್ಲಿದ್ದಾರೆ. ಒಂದು ದಿನ ಅವರ ಸಂಬಂಧಿಕರೊಬ್ಬರು ಬಂದು ಸಹಿಯಿಲ್ಲದ ಒಂದು ಹಾಳೆಯನ್ನು ಕೈಗಿಡುತ್ತಾರೆ: ಹತ್ತು ದಿನಗಳೊಳಗೆ ಮನೆ ಖಾಲಿ ಮಾಡಬೇಕು.

ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆ ಬಾರದು. ಮರುದಿನ ಬೆಳಿಗ್ಗೆ ಎರಡು ಬಗೆಯ ಸಲಹೆಗಾರರು ಹಾಜರಾಗುತ್ತಾರೆ. ದೊಡ್ಡವರ ಸಹವಾಸ ನಮಗೇಕೆ, ಪಾತ್ರೆ ಪಗಡಿ ಕಟ್ಟಿಕೊಂಡು ಹೊರಡುವುದೇ ಲೇಸು ಎಂಬುದು ಒಬ್ಬರ ಉಪದೇಶ. ಈ ನೋಟೀಸು ಸಿಂಧುವಲ್ಲ, ಬಾಡಿಗೆ ನಿಲ್ಲಿಸಿಬಿಡಿ, ಕೋರ್ಟಿನಲ್ಲಿ ಹತ್ತು ವರ್ಷ ಎಳೆಯಬಹುದು ಎಂಬುದು ಇನ್ನೊಬ್ಬರದ್ದು. ವಾಸ್ತವದಲ್ಲಿ ಎರಡೂ ತಪ್ಪು. ಮೊದಲನೆಯದು ಬಡವನನ್ನು ಬೀದಿಗೆ ತಳ್ಳಿದರೆ, ಎರಡನೆಯದು ಅವನನ್ನು ಅನ್ಯಾಯದ ಪಾಲುದಾರನನ್ನಾಗಿ ಮಾಡುತ್ತದೆ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಬಾಡಿಗೆದಾರರ ರಕ್ಷಣೆಗೆ ರೆಂಟ್ ಕಾಯ್ದೆ ಇದೆಯಲ್ಲ ಎಂಬ ನಂಬಿಕೆ ಜನಸಾಮಾನ್ಯರಲ್ಲಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು 2001ರ ಡಿಸೆಂಬರ್ 31ರಂದು ಜಾರಿಗೊಂಡಿತು. ಆದರೆ ಅದು ತನ್ನ ಅನುಸೂಚಿಯಲ್ಲಿ ಸೇರಿಸಿದ ಪ್ರದೇಶಗಳಿಗಷ್ಟೇ ಅನ್ವಯ. ಅಲ್ಲಿಯೂ ತಿಂಗಳ ಬಾಡಿಗೆ ಪ್ರಮುಖ ನಗರಗಳಲ್ಲಿ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಕಟ್ಟಡಗಳು ಅದರ ವ್ಯಾಪ್ತಿಯಿಂದ ಹೊರಗೆ. ಇಂದು ಆ ಮೊತ್ತಕ್ಕೆ ದೊರೆಯುವ ಮನೆಗಳೆಷ್ಟು? ಆದುದರಿಂದ ನಮ್ಮ ಪೇಟೆ, ಹಳ್ಳಿಗಳ ಬಹುತೇಕ ಬಾಡಿಗೆ ಮನೆಗಳ ಹಣೆಬರಹವನ್ನು ನಿರ್ಧರಿಸುವುದು ಬ್ರಿಟಿಷರ ಕಾಲದ ಸ್ವತ್ತು ವರ್ಗಾವಣೆ ಕಾಯ್ದೆ, 1882.

ಆ ಕಾಯ್ದೆಯ 106ನೇ ಸೆಕ್ಷನಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿದ್ದು, ಅದನ್ನು ಕೊನೆಗೊಳಿಸಲು ಹದಿನೈದು ದಿನಗಳ ನೋಟೀಸು ನೀಡಬೇಕು. ನೋಟೀಸು ಲಿಖಿತವಾಗಿರಬೇಕು. ಕೊಡುವವರು ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಸಹಿ ಮಾಡಿರಬೇಕು. ಅದನ್ನು ಅಂಚೆಯ ಮೂಲಕ ಕಳುಹಿಸಬೇಕು, ಇಲ್ಲವೇ ಬಾಡಿಗೆದಾರನಿಗೆ ಅಥವಾ ಅವನ ಮನೆಯವರಿಗೆ ಮುಟ್ಟಿಸಬೇಕು. ಅದು ಸಾಧ್ಯವಾಗದಿದ್ದರೆ ಮನೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಬೇಕು. ಬಾಯಿಮಾತಿನ ಆಜ್ಞೆ, ಫೋನಿನ ಬೆದರಿಕೆ ಈ ಸೆಕ್ಷನ್ ಹೇಳುವ ನೋಟೀಸು ಆಗುವುದಿಲ್ಲ. ವಾಟ್ಸ್ಯಾಪ್ ಸಂದೇಶವೂ ಅದು ಹೆಸರಿಸಿದ ವಿಧಾನಗಳಲ್ಲಿ ಸೇರಿಲ್ಲ. ಕರಾರಿನಲ್ಲಿ ಎರಡು ತಿಂಗಳ ನೋಟೀಸು ಎಂದು ಬರೆದಿದ್ದರೆ ಕರಾರಿನ ಮಾತೇ ಮೇಲು.

ಮೇಲಿನ ಕುಟುಂಬಕ್ಕೆ ಇದನ್ನು ಅನ್ವಯಿಸಿ ನೋಡೋಣ. ಹನ್ನೊಂದು ತಿಂಗಳ ಅವಧಿ ಎಂದೋ ಮುಗಿದಿದೆ ನಿಜ. ಆದರೆ ಆ ಬಳಿಕವೂ ಮಾಲಕರು ಬಾಡಿಗೆ ಸ್ವೀಕರಿಸುತ್ತಾ ಬಂದಿದ್ದಾರೆ. 116ನೇ ಸೆಕ್ಷನ್ ಪ್ರಕಾರ ಅದು ತಿಂಗಳ ಬಾಡಿಗೆಯಾಗಿ ಮುಂದುವರಿದಿದೆ. ಹೀಗಾಗಿ ನೋಟೀಸು ಅಗತ್ಯ. ಅವರಿಗೆ ಸಿಕ್ಕಿದ ಹಾಳೆಯಲ್ಲಿ ಸಹಿಯೇ ಇಲ್ಲದಿರುವುದು ಗಂಭೀರ ದೋಷ. ಆದರೆ ಹದಿನೈದರ ಬದಲು ಹತ್ತು ದಿನ ಕೊಟ್ಟಿರುವುದು ಅಷ್ಟು ದೊಡ್ಡ ದೋಷವಲ್ಲ. ಹಿಂದೆ ದಿನಗಳ ಲೆಕ್ಕ ತಪ್ಪಿದರೆ ಮಾಲಕರ ದಾವೆಯೇ ಬಿದ್ದು ಹೋಗುತ್ತಿತ್ತು. 2003ರ ತಿದ್ದುಪಡಿ ಅದನ್ನು ಬದಲಿಸಿತು. ನೋಟೀಸು ತಲುಪಿದ ದಿನದಿಂದ ಹದಿನೈದು ದಿನ ಕಳೆದ ಬಳಿಕ ದಾವೆ ಹೂಡಿದರೆ, ನೋಟೀಸಿನಲ್ಲಿ ಅವಧಿ ಕಡಿಮೆಯಿತ್ತು ಎಂಬ ಒಂದೇ ಕಾರಣಕ್ಕೆ ಅದು ಅಸಿಂಧುವಾಗದು.

ಇನ್ನೂ ಒಂದು ಕಟು ಸತ್ಯವಿದೆ. ದೋಷಪೂರ್ಣ ನೋಟೀಸು ಮನೆಯ ಹಕ್ಕುಪತ್ರವಲ್ಲ. ಮಾಲಕರು ನಾಳೆಯೇ ಸರಿಯಾದ ಇನ್ನೊಂದು ನೋಟೀಸು ಕಳುಹಿಸಬಹುದು. ಸಾಮಾನ್ಯ ಕಾನೂನಿನಡಿ ಒಕ್ಕಲೆಬ್ಬಿಸುವ ದಾವೆ ಹೂಡುವುದೇ ಒಂದು ನೋಟೀಸು ಎಂದು 2007ರಲ್ಲಿ ನೊಪಾನಿ ಇನ್ವೆಸ್ಟ್‌ಮೆಂಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟೀಸು ಕೊಟ್ಟ ನಂತರ ಬಾಡಿಗೆ ತೆಗೆದುಕೊಂಡರೆ ನೋಟೀಸು ರದ್ದಾಯಿತೆಂದು ಕೆಲವರು ಭಾವಿಸುತ್ತಾರೆ. ಕೇವಲ ಅಷ್ಟರಿಂದ ರದ್ದಾಗದು, ಮಾಲಕರ ಇಂಗಿತವನ್ನೂ ನೋಡಬೇಕು ಎಂಬುದು 2006ರ ಸರೂಪ್ ಸಿಂಗ್ ಗುಪ್ತಾ ಪ್ರಕರಣದ ತೀರ್ಪು. ನೋಟೀಸಿನ ದೋಷವು ಬಾಡಿಗೆದಾರನಿಗೆ ಸಮಯವನ್ನು ಕೊಡುತ್ತದೆಯೇ ಹೊರತು ಮನೆಯನ್ನು ಕೊಡುವುದಿಲ್ಲ.

ಆದರೆ ಆ ಸಮಯ ಬಡವನ ಪಾಲಿಗೆ ಸಣ್ಣದೇ? ಶಾಲೆಯ ವರ್ಷ ಮುಗಿಯುವವರೆಗಿನ ನಾಲ್ಕು ತಿಂಗಳು, ಹೆರಿಗೆಗೆ ಉಳಿದ ಎರಡು ತಿಂಗಳು, ಹೊಸ ಮನೆಯ ಅಡ್ವಾನ್ಸ್ ಹೊಂದಿಸಲು ಬೇಕಾದ ಆರು ವಾರ, ಇವುಗಳ ಬೆಲೆ ಅನುಭವಿಸಿದವರಿಗಷ್ಟೇ ಗೊತ್ತು. ನೋಟೀಸಿಗೂ ಬೀದಿಗೂ ನಡುವೆ ನ್ಯಾಯಾಲಯವೆಂಬ ಒಂದು ಹೊಸ್ತಿಲಿದೆ. ನೋಟೀಸು ಎಷ್ಟೇ ಸರಿಯಾಗಿದ್ದರೂ, ಬಾಡಿಗೆದಾರ ತಾನಾಗಿ ಬಿಡದಿದ್ದರೆ ಅವನನ್ನು ಹೊರಹಾಕಲು ಸಿವಿಲ್ ನ್ಯಾಯಾಲಯದ ಡಿಕ್ರಿ ಬೇಕು. ನೆಲೆಗೊಂಡ ಸ್ವಾಧೀನದಲ್ಲಿರುವವನಿಗೆ ಅಲ್ಲಿರುವ ಹಕ್ಕು ಇಲ್ಲವೆಂದೇ ಇಟ್ಟುಕೊಂಡರೂ, ಕಾನೂನಿನ ಮಾರ್ಗವಲ್ಲದೆ ಅವನನ್ನು ತೆರವುಗೊಳಿಸುವಂತಿಲ್ಲ ಎಂದು 1989ರಲ್ಲಿ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಬೀಗ ಬದಲಿಸುವುದು, ಸಾಮಾನು ಹೊರಗೆಸೆಯುವುದು, ನೀರು-ವಿದ್ಯುತ್ ಕಡಿಯುವುದು ಮಾಲಕರ ಹಕ್ಕಲ್ಲ. ಹಾಗೆ ಬಲವಂತವಾಗಿ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್‌ನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಬಾಡಿಗೆಯ ವ್ಯಾಜ್ಯವನ್ನು ತೀರ್ಮಾನಿಸುವ ಅಧಿಕಾರ ಪೊಲೀಸ್ ಠಾಣೆಗೂ ಇಲ್ಲ.

ಹಾಗಾದರೆ ನೋಟೀಸು ಬಂದಾಗ ಮಾಡಬೇಕಾದುದೇನು? ಮೊದಲನೆಯದಾಗಿ, ಅದನ್ನು ನಿರಾಕರಿಸಬೇಡಿ, ಹರಿಯಬೇಡಿ. ಲಕೋಟೆಯ ಸಹಿತ ಜೋಪಾನವಾಗಿಟ್ಟು, ಕೈಗೆ ಬಂದ ದಿನಾಂಕವನ್ನು ಬರೆದಿಡಿ. ಎರಡನೆಯದಾಗಿ, ಉತ್ತರ ಕೊಡಿ. ಮೌನವನ್ನು ಒಪ್ಪಿಗೆ ಎಂದು ವ್ಯಾಖ್ಯಾನಿಸಲು ಅವಕಾಶ ಕೊಡಬೇಡಿ. ನೋಟೀಸು ಯಾವಾಗ ತಲುಪಿತು, ಅದರಲ್ಲಿರುವ ದೋಷವೇನು, ಬಾಡಿಗೆ ಎಲ್ಲಿಯವರೆಗೆ ಸಂದಾಯವಾಗಿದೆ, ಅಡ್ವಾನ್ಸ್ ಎಷ್ಟಿದೆ, ಮನೆ ಬಿಡಲು ಎಷ್ಟು ಕಾಲ ಬೇಕು ಮತ್ತು ಯಾಕೆ ಬೇಕು ಎಂಬುದನ್ನು ಒಂದು ಪುಟದಲ್ಲಿ ಸೌಜನ್ಯದಿಂದ ಬರೆದು, ತಲುಪಿದ ಪುರಾವೆ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ. ಪ್ರತಿ ಇಟ್ಟುಕೊಳ್ಳಿ. ಸಾಧ್ಯವಾದರೆ ವಕೀಲರಿಗೆ ತೋರಿಸಿಯೇ ಕಳುಹಿಸಿ. ಮೂರನೆಯದಾಗಿ, ಬಾಡಿಗೆ ನಿಲ್ಲಿಸಬೇಡಿ. ಮಾಲಕರು ಸ್ವೀಕರಿಸದಿದ್ದರೆ ಬ್ಯಾಂಕ್ ಖಾತೆಗೆ ಅಥವಾ ಮನಿ ಆರ್ಡರ್ ಮೂಲಕ ಕಳುಹಿಸಿ. ಮರಳಿ ಬಂದರೂ ಆ ರಶೀದಿಯೇ ನಿಮ್ಮ ಸಾಕ್ಷಿ.

ಉತ್ತರದಲ್ಲಿ ಬರೆಯಬಾರದ ಮಾತೂ ಒಂದಿದೆ. ಸಿಟ್ಟಿನ ಭರದಲ್ಲಿ 'ಮನೆ ನಿಮ್ಮದಲ್ಲವೇ ಅಲ್ಲ' ಎಂದು ಬರೆದರೆ ಅದು ಸ್ವತಃ ಬಾಡಿಗೆಯ ಹಕ್ಕನ್ನು ಕಳೆದುಕೊಳ್ಳಲು ಕಾರಣವಾಗುತ್ತದೆಂದು 111ನೇ ಸೆಕ್ಷನ್ ಹೇಳುತ್ತದೆ. ಮನೆ ಬೇರೆಯವರಿಗೆ ಮಾರಾಟವಾದರೆ ಹೊಸ ಮಾಲಕರಿಗೆ ಹಳೆಯವರ ಹಕ್ಕುಗಳೆಲ್ಲ ಬರುತ್ತವೆ, ಬಾಡಿಗೆಯ ಬಂಧನವೂ ಬರುತ್ತದೆ. ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆಯ ಮೂಲಕ ಚಾರ್ಮಾಡಿಯತ್ತ ಸಾಗುವ 73ನೇ ರಾಷ್ಟ್ರೀಯ ಹೆದ್ದಾರಿಯಂತಹ ರಸ್ತೆಗಳ ಬದಿಯಲ್ಲಿ ಜಾಗಕ್ಕೆ ಬೆಲೆ ಬಂದು ಕೈ ಬದಲಾಗುವಾಗ ಇದನ್ನು ನೆನಪಿಡಬೇಕು. ಖಾಲಿ ಸ್ಟ್ಯಾಂಪ್ ಪೇಪರಿಗೆ ಯಾರ ಒತ್ತಾಯಕ್ಕೂ ಸಹಿ ಹಾಕಬಾರದು. ನ್ಯಾಯಾಲಯದಿಂದ ಸಮನ್ಸ್ ಬಂದರೆ ಮೂವತ್ತು ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಅದನ್ನು ಅಲಕ್ಷಿಸಿದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದು. ವಕೀಲರ ಶುಲ್ಕಕ್ಕೆ ಗತಿಯಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವು ಇದೆ. ಮಹಿಳೆಯರಿಗಂತೂ ಆದಾಯದ ಮಿತಿಯೇ ಇಲ್ಲ. ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು, 15100 ಸಂಖ್ಯೆಗೆ ಕರೆ ಮಾಡಬಹುದು.

ಇನ್ನು ಮಾಲಕರ ಕಡೆಗೆ ಬರೋಣ. ಬಾಡಿಗೆದಾರ ಹೆಚ್ಚು ಕಾಲ ಕುಳಿತರೆ ಮನೆ ಅವನದ್ದಾಗಿ ಬಿಡುತ್ತದೆ ಎಂಬ ಭಯ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಹೋಗಿಲ್ಲ. ಅದರ ಹಿಂದೆ ಭೂಸುಧಾರಣೆಯ ನೆನಪಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಬಳಿಕ ಗೇಣಿ ಒಕ್ಕಲುಗಳು ಭೂನ್ಯಾಯ ಮಂಡಳಿಗೆ ಅರ್ಜಿ ಸಲ್ಲಿಸಿ ಉಳುವ ಭೂಮಿಯ ಒಡೆಯರಾದರು. ನಮ್ಮ ಸಮುದಾಯದ ಅನೇಕ ಕುಟುಂಬಗಳೂ ಅದರ ಫಲಾನುಭವಿಗಳು. ಆದರೆ ಆ ಕಾನೂನು ಇದ್ದುದು ಕೃಷಿ ಭೂಮಿಗೆ. ಪೇಟೆಯ ಮನೆಗೆ ಬಾಡಿಗೆ ಕೊಟ್ಟು ಕುಳಿತವನು ಎಷ್ಟು ವರ್ಷ ಕುಳಿತರೂ ಬಾಡಿಗೆದಾರನೇ. ಇಲ್ಲದ ಭಯಕ್ಕಾಗಿ ಇರುವ ಮನುಷ್ಯನನ್ನು ಹೊರದಬ್ಬುವುದು ಎಂತಹ ನ್ಯಾಯ?

ಕುರ್‌ಆನಿನ ಅತಿ ದೀರ್ಘ ವಚನ ಅಲ್ ಬಕರ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮೇತ ಬರೆದಿಡುವುದರ ಕುರಿತಾಗಿದೆ. ಆದರೂ ನಮ್ಮಲ್ಲಿ 'ನಂಬಿಕೆಯ ಮೇಲೆ' ನಡೆಯುವ ಬಾಡಿಗೆಗಳೇ ಹೆಚ್ಚು. ಬರವಣಿಗೆ ಇಲ್ಲದ ನಂಬಿಕೆ ಒಡೆದಾಗ ಸಾಕ್ಷಿ ಹೇಳಲು ಯಾರೂ ಇರುವುದಿಲ್ಲ. ಎಷ್ಟು ಬಾಡಿಗೆ, ಎಷ್ಟು ಅಡ್ವಾನ್ಸ್, ಬಿಡಲು ಎಷ್ಟು ತಿಂಗಳ ಮುನ್ಸೂಚನೆ ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಿದರೆ ಅರ್ಧದಷ್ಟು ಜಗಳ ಹುಟ್ಟುವುದೇ ಇಲ್ಲ. ಹುಟ್ಟಿದ ಜಗಳವನ್ನು ಜಮಾಅತ್‌ನ ಹಿರಿಯರು ಕೂತು ಮಾತಾಡಿಸಿ ಬಗೆಹರಿಸಲಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ.

ಬಾಡಿಗೆದಾರನೂ ತನ್ನ ಆತ್ಮಸಾಕ್ಷಿಯನ್ನು ಕೇಳಿಕೊಳ್ಳಬೇಕು. ಮಾಲಕರಿಗೆ ಮನೆ ನಿಜವಾಗಿಯೂ ಬೇಕಾಗಿರಬಹುದು. ಊರಿಗೆ ಮರಳಿದ ಮಗ ಇರಬಹುದು, ಮದುವೆಯಾಗಿ ಬೇರೆ ಸಂಸಾರ ಹೂಡುವ ಮಗಳಿರಬಹುದು. ಸಹಿಯಿಲ್ಲದ ಒಂದು ಹಾಳೆಯನ್ನು ನೆಪವಾಗಿಟ್ಟುಕೊಂಡು ಇನ್ನೊಬ್ಬರ ಸೊತ್ತನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವುದು ಬುದ್ಧಿವಂತಿಕೆ ಎನಿಸಬಹುದು, ನ್ಯಾಯ ಎನಿಸದು. ಕೇಳಿದಷ್ಟು ಕಾಲ ಸಿಕ್ಕಿದ ಬಳಿಕ ಒಪ್ಪಿದ ದಿನ ಬೀಗದ ಕೈಯನ್ನು ಹಸ್ತಾಂತರಿಸಿ, ಅಡ್ವಾನ್ಸ್ ಎಣಿಸಿಕೊಂಡು, ಸಲಾಮ್ ಹೇಳಿ ಹೊರಡುವುದರಲ್ಲಿ ಸೋಲಿಲ್ಲ.

ಆ ಕುಟುಂಬ ಇಂದು ರಾತ್ರಿ ಮಾಡಬೇಕಾದುದು ಪಾತ್ರೆ ಕಟ್ಟುವುದನ್ನಲ್ಲ, ಬಾಗಿಲು ಮುಚ್ಚಿ ಹಠ ಹಿಡಿಯುವುದನ್ನೂ ಅಲ್ಲ. ಬಾಡಿಗೆಯ ರಶೀದಿಗಳನ್ನು ಹುಡುಕಿ ಒಂದೆಡೆ ಸೇರಿಸಬೇಕು, ಮತ್ತು ಒಂದು ಪುಟದ ಸತ್ಯವಾದ ಉತ್ತರವನ್ನು ಬರೆಯಬೇಕು. ನಮ್ಮ ನೆರೆಯಲ್ಲಿ ಅಂತಹ ಕುಟುಂಬವೊಂದಿದ್ದು, ಆ ಒಂದು ಪುಟವನ್ನು ಬರೆಯಬಲ್ಲವರು ನಾವಾಗಿದ್ದರೆ, ಅವರು ಬಂದು ಕೇಳುವವರೆಗೆ ಕಾಯಬೇಕೇ?