ತವರಿಗೆ ಬಂದ ಯೆಜ್ಡಿ ಪರದೇಶಿ

1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳು ದೇಶವೆಲ್ಲ ತಿರುಗಿದವು. ಅವುಗಳಲ್ಲೊಂದನ್ನು ತಮಿಳುನಾಡಿನಲ್ಲಿ ಕೊಂಡು ಊರಿಗೆ ತನ್ನಿ, ಅದು ಹೊರರಾಜ್ಯದ ಗಾಡಿ! ಅಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. 2021ರ ವಿಂಟೇಜ್ ನಿಯಮದ ಆಸರೆ 50 ವರ್ಷ ದಾಟಿದವಕ್ಕೆ ಮಾತ್ರ; 1980ರ ಯೆಜ್ಡಿಗಿಲ್ಲ.

ತೆರಿಗೆ ಕೇಳಲಿ, ಕದ್ದ ಮಾಲೇ ಎಂದು ನೋಡಲಿ, ಅದು ನ್ಯಾಯ. ಆದರೆ ಮೋಟಾರು ವಾಹನ ಕಾಯ್ದೆಯ 48ನೇ ಕಲಮಿನಂತೆ, 30 ದಿನದೊಳಗೆ ನಿರಾಕರಣೆ ತಿಳಿಸದಿದ್ದರೆ ಪತ್ರ ಕೊಟ್ಟಂತೆಯೇ. ಕಾಗದವೇ ಇಲ್ಲದ ಆ 'ಕೊಟ್ಟಂತೆ'ಯನ್ನು ಯಾವ ಕೌಂಟರಿನಲ್ಲಿ ತೋರಿಸುವುದು? ಮೌನವನ್ನು ಸಮ್ಮತಿಯೆಂದ ಸರ್ಕಾರ ಆ ಮೌನಕ್ಕೆ ಮೊಹರನ್ನೂ ಒತ್ತಲಿ. 31ನೇ ದಿನ ಪತ್ರ ತಾನಾಗಿ ಕೈಸೇರಲಿ.