ತಳಿ ಕೆಟ್ಟಿಲ್ಲ, ಕರುಳು ಕೆಟ್ಟಿದೆ

ಇವತ್ತಿನ ಬರಹ ಸ್ವಲ್ಪ ಉದ್ದ ಇದೆ. ಮಳೆ ಹಿಡಿಯೋಕೆ ಮುಂಚೆ ಓದ್ಕೊಂಡ್ರೆ ಉಪಯೋಗಕ್ಕೆ ಬರುತ್ತೆ.

ಈಗೀಗ ಯಾರ ಶೆಡ್ಡಿಗೆ ಹೋದರೂ ಒಂದೇ ಮಾತು ಕೇಳ್ತೀನಿ. "ಈ ಸಲದ ಮರಿ ಸರಿ ಇಲ್ಲಪ್ಪ, ತಳೀನೇ ಕೆಟ್ಟೋಗಿದೆ. ತಿನ್ನೋದು ತಿಂತವೆ, ಮೈ ಹಿಡಿಯಲ್ಲ." ಆಮೇಲೆ ಗಿರಿರಾಜ ಬಿಟ್ಟು ಸ್ವರ್ಣಧಾರ, ಅದನ್ನೂ ಬಿಟ್ಟು ವನರಾಜ. ಪ್ರತಿ ಸಲ ಹೊಸ ಮರಿಗೆ ದುಡ್ಡು, ತರೋಕೆ ಗಾಡಿ ಬಾಡಿಗೆ. ಆದ್ರೆ ಶೆಡ್ಡು ಅದೇ, ನೆಲದಲ್ಲಿರೋ ಒದ್ದೆ ಹೊಟ್ಟೂ ಅದೇ. ಹಾಗಾಗಿ ಫಲವೂ ಅದೇ.

ನನ್ನ ಮಾತು ಇಷ್ಟು: ತಳಿ ಬದಲಾಯಿಸೋಕೆ ಮುಂಚೆ ಕರುಳು ನೋಡಿ. ಒಳ್ಳೆ ತಳಿಯ ಗುಣ ಕೋಳಿಯೊಳಗೆ ಇದ್ದೇ ಇರುತ್ತೆ. ಕರುಳಲ್ಲಿ ಜಂತು ಸೇರಿದಾಗ ಆ ಗುಣ ಕೆಲಸ ಮಾಡೋದು ನಿಲ್ಲುತ್ತೆ. ಇದು ಬರೀ ನನ್ನ ಅನಿಸಿಕೆ ಅಲ್ಲ. ಕೋಳಿಯ ವಂಶವಾಹಿಗಳ, ಅಂದ್ರೆ ಜೀನ್‌ಗಳ, ಪೂರ್ತಿ ನಕ್ಷೆಯ ಮೊದಲ ಕರಡು 2004ರಲ್ಲಿ ಹೊರಬಂತು. ಅದಾದ ಮೇಲೆ ಸೋಂಕು ತಗುಲಿದ ಕೋಳಿಯ ಕರುಳಲ್ಲಿ ಯಾವ ಜೀನ್ ಜೋರಾಗುತ್ತೆ, ಯಾವುದು ತಣ್ಣಗಾಗುತ್ತೆ ಅಂತ ಅಳೆಯೋದು ಸುಲಭ ಆಯ್ತು.

ಜೀನ್ ಅಂದ ತಕ್ಷಣ ಗಾಬರಿ ಬೇಡ. ಒಂದು ಟ್ರಾನ್ಸ್‌ಫಾರ್ಮರ್, ಎರಡು ಮೋಟರ್ ಅಂದ್ಕೊಳ್ಳಿ. ಒಂದು ಮೋಟರ್ ತೋಟಕ್ಕೆ ನೀರು ಹಾಯಿಸೋದು. ಇನ್ನೊಂದು ಬೆಂಕಿ ಬಿದ್ದಾಗ ನೀರು ಹೊಡೆಯೋದು. ಕರೆಂಟು ಇರೋದು ಅಷ್ಟೇ. ಬೆಂಕಿ ಬಿದ್ದಾಗ ಎರಡನೇದು ಓಡುತ್ತೆ, ತೋಟದ್ದು ನಿಧಾನ ಆಗುತ್ತೆ. ಮೋಟರ್ ಸುಟ್ಟಿಲ್ಲ, ಆದ್ರೂ ತೋಟ ಬಾಡುತ್ತೆ. ಜಂತು ಬಿದ್ದ ಕರುಳಲ್ಲೂ ಹೀಗೇ ಆಗೋದು.

ನಮ್ಮನ್ನ ಕಾಡೋವು ಮುಖ್ಯವಾಗಿ ಎರಡು ಥರ. ಒಂದು ರಕ್ತಭೇದಿ ತರೋ ಕಾಕ್ಸಿಡಿಯಾ. ಇದು ಹುಳು ಅಲ್ಲ, ಕಣ್ಣಿಗೆ ಕಾಣದ ಒಂದೇ ಕೋಶದ ಜೀವಿ. ಕರುಳಿನ ಗೋಡೆಯ ಕೋಶದ ಒಳಗೇ ಹೊಕ್ಕು ಮರಿ ಮಾಡಿ, ಕೋಶ ಒಡೆದು ಹೊರಗೆ ಬರುತ್ತೆ. ಇನ್ನೊಂದು ದುಂಡುಹುಳು, ಬೆರಳುದ್ದದ ಬಿಳಿ ಹುಳು.

ಕಾಕ್ಸಿಡಿಯಾ ಹೊಕ್ಕ ಕರುಳಲ್ಲಿ ಇಂಟರ್‌ಫೆರಾನ್ ಗಾಮಾ ಅನ್ನೋ ಕಾವಲು ಜೀನ್ ಜೋರಾಗಿ ಓಡೋಕೆ ಶುರುವಾಗುತ್ತೆ. ಅದೇ ಹೊತ್ತಿಗೆ ಆಹಾರ ಹೀರಿಕೊಳ್ಳೋ ಜೀನ್‌ಗಳಲ್ಲಿ ಹಲವು ಇಳೀತವೆ. ಜೀರ್ಣವಾದ ಪ್ರೋಟೀನಿನ ಚೂರು, ಸಕ್ಕರೆ ಇವನ್ನ ಕರುಳಿಂದ ರಕ್ತಕ್ಕೆ ದಾಟಿಸೋ ಬಾಗಿಲುಗಳು ಇರ್ತವಲ್ಲ, ಆ ಬಾಗಿಲು ತಯಾರಿಸೋ ಜೀನ್‌ಗಳು ಇವು. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಬ್ರಾಯ್ಲರ್ ಕೋಳಿಗೆ ಬೇರೆ ಬೇರೆ ಕಾಕ್ಸಿಡಿಯಾ ಕೊಟ್ಟು ಇದನ್ನ ನೋಡಿದಾರೆ. ಲೀಪ್-2 ಅಂತ ಕರುಳು ತಾನೇ ತಯಾರಿಸೋ ಸೂಕ್ಷ್ಮಾಣು ನಿರೋಧಕವೊಂದು ಇದೆ, ಅದರ ಜೀನ್ ಕೂಡ ಸೋಂಕಲ್ಲಿ ಇಳಿಯುತ್ತೆ ಅಂತ ಅವರೇ ಕಂಡುಕೊಂಡರು. ಬಾಗಿಲು ಯಾಕೆ ಮುಚ್ಚುತ್ತೆ? ಒಳಗೆ ಕೂತ ಜಂತುವಿಗೆ ಅನ್ನ ಸಿಗದ ಹಾಗೆ ಮಾಡೋಕೆ ಕೋಳಿಯ ದೇಹವೇ ಹಾಗೆ ಮಾಡ್ತಿರಬಹುದು ಅಂತ ಒಂದು ವಿವರಣೆ ಇದೆ. ಜಂತುವನ್ನ ಉಪವಾಸ ಕೆಡವೋಕೆ ಹೋಗಿ ಕೋಳಿ ತಾನೂ ಉಪವಾಸ ಬೀಳುತ್ತೆ.

ದುಂಡುಹುಳು ಬಂದರೆ ಕಾವಲು ಬೇರೆ ಥರ. ಇಂಟರ್‌ಲ್ಯೂಕಿನ್ 4, ಇಂಟರ್‌ಲ್ಯೂಕಿನ್ 13 ಅನ್ನೋ ಜೀನ್‌ಗಳು ಏಳ್ತವೆ. ಹುಳು ಓಡಿಸೋಕೆ ಅದು ಸರಿ. ಆದ್ರೆ ದೇಹದ ಗಮನ ಆ ಕಡೆ ಹೋದಾಗ ಬೇರೆ ಕಡೆ ಕಾವಲು ಸಡಿಲ ಆಗಬಹುದು. ದುಂಡುಹುಳು ಇರೋ ಕೋಳಿಗೆ ರಾಣಿಖೇತ್ ಲಸಿಕೆ ಕೊಟ್ಟರೆ ರೋಗ ನಿರೋಧಕ ಶಕ್ತಿ ಸರಿಯಾಗಿ ಬೆಳೆಯಲ್ಲ ಅಂತ ಡೆನ್ಮಾರ್ಕ್‌ನ ಸಂಶೋಧಕರು 2014ರಲ್ಲಿ ತೋರಿಸಿದರು. ನಮ್ಮಲ್ಲಿ "ಲಸಿಕೆ ಹಾಕಿಸಿದ್ದೆ, ಆದ್ರೂ ಕೊಕ್ಕರೆ ರೋಗ ಬಂತು" ಅಂತ ಬೈಕೊಳ್ಳೋರು ಕಡಿಮೆ ಇಲ್ಲ. ಲಸಿಕೆ ಬಿಸಿಲಿಗೆ ಕೆಟ್ಟಿರಬಹುದು, ನಿಜ. ಆದ್ರೆ ಹೊಟ್ಟೇಲಿ ಹುಳು ಇತ್ತಾ ಅಂತಾನೂ ಕೇಳ್ಕೊಳ್ಳಿ. ಆರ್‌2ಬಿ ಹಾಕ್ಸೋಕೆ ಒಂದು ವಾರ ಮುಂಚೆ ಜಂತು ಔಷಧಿ ಕೊಡಿ ಅಂತ ಡಾಕ್ಟ್ರು ಹೇಳೋದು ಸುಮ್ಮನೆ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೋಳಿ ಸಾಕಣೆ ಖರ್ಚಲ್ಲಿ ನೂರಕ್ಕೆ 60–70 ಪಾಲು ಮೇವಿಗೇ ಹೋಗುತ್ತೆ. ಬಾಗಿಲು ಮುಚ್ಚಿದ ಕರುಳಿಗೆ ಎಷ್ಟು ಒಳ್ಳೆ ಫೀಡ್ ಸುರಿದರೂ ಅದರಲ್ಲಿ ಒಂದಷ್ಟು ಹಿಕ್ಕೆಯಾಗಿ ಆಚೆ ಬರುತ್ತೆ. ನಮಗೆ ಇದು ಗೊತ್ತೇ ಆಗಲ್ಲ, ಯಾಕಂದ್ರೆ ರಕ್ತ ಕಾಣೋದು ಎಲ್ಲ ಕಾಕ್ಸಿಡಿಯಾದಲ್ಲೂ ಅಲ್ಲ. ಕೋಳಿಗೆ ಬರೋ ಮುಖ್ಯ ಜಾತಿ 7. ಕುರುಡು ಕರುಳಲ್ಲಿ ಕೂರೋ ಜಾತಿ ರಕ್ತ ತೋರ್ಸುತ್ತೆ. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಕೂರೋದು ರಕ್ತ ತೋರ್ಸಲ್ಲ, ಸಾವೂ ಕಡಿಮೆ. ಕಾಲಿನ ಹಳದಿ ಬಣ್ಣ ಮಾಸುತ್ತೆ, ಜುಟ್ಟು ಬಿಳಚುತ್ತೆ, ತೂಕ ನಿಲ್ಲುತ್ತೆ ಅಷ್ಟೇ. "ತಳಿ ಕೆಟ್ಟೋಗಿದೆ" ಅನ್ನೋ ಮಾತು ಹುಟ್ಟೋದು ಬಹಳ ಸಲ ಇಲ್ಲೇ.

ಕೆಲವರು ಹೇಳ್ತಾರೆ, "ನಾಟಿ ಕೋಳಿಗೆ ಇದೆಲ್ಲ ಏನೂ ಆಗಲ್ಲ ಬಿಡಣ್ಣ." ತಳಿಯಿಂದ ತಳಿಗೆ ವ್ಯತ್ಯಾಸ ಇರೋದು ನಿಜ. ಈಜಿಪ್ಟಿನ ಫಯೂಮಿ ಕೋಳಿ ರಕ್ತಭೇದಿಯನ್ನ ಲೆಗಾರ್ನ್‌ಗಿಂತ ಚೆನ್ನಾಗಿ ತಡ್ಕೊಳ್ಳುತ್ತೆ. ಆದ್ರೆ ಊರ ತಳಿ ಅಂದ ಮಾತ್ರಕ್ಕೆ ಎಲ್ಲದಕ್ಕೂ ಗಟ್ಟಿ ಅಂತಲ್ಲ. ಡೆನ್ಮಾರ್ಕ್‌ನಲ್ಲಿ ಅಲ್ಲಿನ ನಾಡಕೋಳಿಯನ್ನ ಮೊಟ್ಟೆಗೆ ಸಾಕೋ ಲೋಮನ್ ಬ್ರೌನ್ ಜೊತೆ ಇಟ್ಟು ನೋಡಿದಾಗ, ದುಂಡುಹುಳುವನ್ನ ಚೆನ್ನಾಗಿ ತಡ್ಕೊಂಡಿದ್ದು ಲೋಮನ್ ಬ್ರೌನ್. ತೋಟದಲ್ಲಿ ಮೇಯೋ ನಮ್ಮ ನಾಟಿ ಕೋಳಿ ಮಣ್ಣು ಕೆದಕಿಯೇ ತಿನ್ನೋದು. ದುಂಡುಹುಳುವಿನ ಮೊಟ್ಟೆ ಆ ಮಣ್ಣಲ್ಲೇ ತಿಂಗಳುಗಟ್ಟಲೆ ಬದುಕಿರುತ್ತೆ. ಹಂಗಾಗಿ ಶೆಡ್ಡಿನ ಕೋಳಿಗಿಂತ ಇದಕ್ಕೇ ಹುಳುವಿನ ಕಾಟ ಜಾಸ್ತಿ.

ಇನ್ನು ಟಾನಿಕ್ ವಿಚಾರ. ತೂಕ ಬರಲ್ಲ ಅಂದ್ರೆ ಅಂಗಡಿಯಲ್ಲಿ ಮೊದಲು ಕೈಗೆ ಕೊಡೋದು ಲಿವರ್ ಟಾನಿಕ್, ಬಿ ಕಾಂಪ್ಲೆಕ್ಸ್. ನಾನು ಇದನ್ನ ಒಪ್ಪಲ್ಲ. ಹೀರೋ ಬಾಗಿಲೇ ಮುಚ್ಚಿರೋವಾಗ ಟಾನಿಕ್ ಎಲ್ಲಿಗೆ ಹೋಗುತ್ತೆ? ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕಾಕ್ಸಿಡಿಯಾಗೆ ಕೊಡೋ ಆಂಪ್ರೋಲಿಯಂ ನೋಡೋಕೆ ಬಿ1 ಜೀವಸತ್ವದ ಹಾಗೇ ಇರುತ್ತೆ. ಜಂತು ಅದನ್ನೇ ಬಿ1 ಅಂತ ತಗೊಂಡು ಮೋಸ ಹೋಗುತ್ತೆ. ಅದೇ ನೀರಿಗೆ ನಾವು ಬಿ ಕಾಂಪ್ಲೆಕ್ಸೂ ಬೆರೆಸಿದರೆ ಜಂತುವಿಗೆ ಅಸಲಿ ಬಿ1 ಸಿಕ್ಕಿಬಿಡುತ್ತೆ, ಔಷಧಿ ಮಂಕಾಗುತ್ತೆ. ಮತ್ತೆ ದುಂಡುಹುಳುವಿಗೆ ಕೊಡೋ ಪೈಪರಜಿನ್ ಕಾಕ್ಸಿಡಿಯಾಗೆ ಕೆಲಸ ಮಾಡಲ್ಲ. ಆಂಪ್ರೋಲಿಯಂ ಹುಳುವಿಗೆ ಕೆಲಸ ಮಾಡಲ್ಲ. ಯಾವುದಿದೆ ಅಂತ ತಿಳೀದೆ ಔಷಧಿ ಸುರಿಯೋದು ದಂಡ.

ನನ್ನ ಪ್ರಕಾರ ದುಡ್ಡು ಹೋಗಬೇಕಾದ್ದು ಇಲ್ಲಿಗೆ:

ಮೊದಲು ನೆಲ. ಕಾಕ್ಸಿಡಿಯಾದ ಮೊಟ್ಟೆ ಹಿಕ್ಕೆಯಲ್ಲಿ ಬಿದ್ದ ತಕ್ಷಣ ರೋಗ ತರಲ್ಲ. ತೇವ, ಶಾಖ, ಗಾಳಿ ಸಿಕ್ಕಿದ್ರೆ ಒಂದೆರಡು ದಿನದಲ್ಲಿ ಬಲಿಯುತ್ತೆ. ತೇವ ಕಿತ್ತರೆ ಅರ್ಧ ಯುದ್ಧ ಗೆದ್ದಂಗೆ. ಸಾಮಾನ್ಯ ಫಿನಾಯಿಲ್ ಹೊಡೆದ್ರೆ ಅದು ಸಾಯಲ್ಲ. ಹೊಟ್ಟನ್ನ ದಿನಾ ತಿರುವಿ ಹಾಕಿ. ಡ್ರಿಂಕರ್ ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತಿ. ಅದರ ಸುತ್ತಲಿನ ಒದ್ದೆ ಹೊಟ್ಟು ತೆಗೆದು ಒಣಗಿದ್ದು ಹಾಕಿ. ಜಡಿ ಬರೋ ಕಡೆ ಪರದೆ ಬಿಗಿಯಾಗಿರಲಿ, ಆದ್ರೆ ಗಾಳಿ ನಿಲ್ಲಿಸಬೇಡಿ.

ಎರಡನೇದು ವಯಸ್ಸು. ದೊಡ್ಡ ಕೋಳಿ, ಮರಿ ಒಟ್ಟಿಗೆ ಬಿಡಬೇಡಿ. ದೊಡ್ಡವು ಚೆನ್ನಾಗಿ ಕಂಡರೂ ಜಂತು ಮೊಟ್ಟೆ ಉದುರಿಸ್ತಾ ಇರ್ತವೆ. ರಕ್ತಭೇದಿ ಹೆಚ್ಚಾಗಿ ಕಾಡೋದು 3ರಿಂದ 6 ವಾರದ ಮರಿಗೆ.

ಮೂರನೇದು ಪರೀಕ್ಷೆ. ಬೆಳಿಗ್ಗೆ ಹಸಿ ಹಿಕ್ಕೆಯನ್ನ ಶೆಡ್ಡಿನ ಹತ್ತು ಕಡೆಯಿಂದ ಚೂರು ಚೂರು ಎತ್ತಿ ಪಶು ಆಸ್ಪತ್ರೆಗೆ ಒಯ್ಯಿರಿ. ಸತ್ತ ಕೋಳಿ ಇದ್ರೆ ಕೆಡೋಕೆ ಮುಂಚೆ ಅದನ್ನೂ ಒಯ್ದು ಕೊಯ್ಸಿ ನೋಡ್ಸಿ. ಕುರುಡು ಕರುಳಲ್ಲಿ ರಕ್ತ ಇದೆಯಾ, ಸಣ್ಣ ಕರುಳಲ್ಲಿ ಬಿಳಿ ಗೆರೆ ಇದೆಯಾ, ಹುಳು ಇದೆಯಾ, ಅಲ್ಲೇ ಗೊತ್ತಾಗುತ್ತೆ. ಔಷಧಿ ಪ್ರಮಾಣ, ಕೊಟ್ಟ ಮೇಲೆ ಎಷ್ಟು ದಿನ ಮಾಂಸ, ಮೊಟ್ಟೆ ಮಾರಬಾರದು, ಇವೆರಡನ್ನೂ ಡಾಕ್ಟ್ರ ಹತ್ರ ಬರೆಸ್ಕೊಳ್ಳಿ.

ಜಂತು ಒಂದೂ ಇರಬಾರದು ಅಂತ ನಾನು ಹೇಳ್ತಿಲ್ಲ. ಕಾಕ್ಸಿಡಿಯಾ ಸ್ವಲ್ಪ ಸ್ವಲ್ಪ ತಗುಲಿದ್ರೇನೇ ಕೋಳಿಗೆ ಅದನ್ನ ಎದುರಿಸೋ ಶಕ್ತಿ ಬರೋದು. ಅದರ ಜೀವಂತ ಲಸಿಕೆ ಕೆಲಸ ಮಾಡೋದೂ ಇದೇ ದಾರೀಲಿ. ಒಣ ನೆಲದಲ್ಲಿ ಸಿಗೋದು ಈ ಸ್ವಲ್ಪ. ಒದ್ದೆ ನೆಲದಲ್ಲಿ ಒಮ್ಮೆಲೇ ರಾಶಿ ಸಿಗುತ್ತೆ, ಮರಿ ತಡ್ಕೊಳ್ಳಲ್ಲ.

ಸೋಂಕು ಇಳಿದ ಮೇಲೆ ಕರುಳಿನ ಗೋಡೆ ಹೊಸದಾಗಿ ಬೆಳೆಯುತ್ತೆ, ಬಾಗಿಲು ಮತ್ತೆ ತೆರೆಯುತ್ತೆ. ಆದ್ರೆ 6 ವಾರಕ್ಕೆ ಮಾರೋ ಬ್ರಾಯ್ಲರ್‌ಗೆ ಒಂದು ವಾರ ಬೆಳವಣಿಗೆ ನಿಂತರೆ ಆ ವಾರ ವಾಪಸ್ ಬರಲ್ಲ. ಮುಂದಿನ ಬ್ಯಾಚಿಗೆ ಬೇರೆ ತಳಿ ಮರಿ ಬುಕ್ ಮಾಡೋಕೆ ಹೊರಟೋರು ಒಂದು ದಿನ ತಡೀರಿ. ಇರೋ ಕೋಳಿಯ ಹಿಕ್ಕೆ ಮೊದಲು ಪರೀಕ್ಷೆ ಮಾಡ್ಸಿ, ಏನು ಬಂತು ಅಂತ ಇಲ್ಲಿ ಬರೀರಿ. ಎಲ್ಲರಿಗೂ ಉಪಯೋಗ ಆಗುತ್ತೆ.